ದನಿಯಿಲ್ಲದ ಮಾತು

೨೦೧೮ರ ನವೆಂಬರ್ ೬, ಮಂಗಳವಾರ, ಬೆಳಿಗ್ಗೆ ಒಂಬತ್ತು ಇಪ್ಪತ್ತು. ಚಾಂಗ್‌ಹ್ವಾದ ಆಸ್ಪತ್ರೆಯ ಏಳನೆಯ ಮಹಡಿಯ ಕಾರಿಡಾರಿನಲ್ಲಿ ಪಿಲ್ವಾನ್ ಎರಡು ಲೋಟ ಬಿಸಿ ಸೋಯಾಹಾಲು ಹಿಡಿದುಕೊಂಡು ನಿಂತಿದ್ದಳು. ಒಂದು ಅವಳಿಗೆ, ಇನ್ನೊಂದು ಒಳಗೆ ಅತ್ತೆಯ ಹಾಸಿಗೆಯ ಪಕ್ಕ ಕುಳಿತಿದ್ದ ನಾದಿನಿ ಮಿಂಗ್ಜುಗೆ. ಲೋಟ ಬೆರಳು ಸುಡುತ್ತಿತ್ತು, ಆದರೂ ಅವಳು ಕೋಣೆಯೊಳಗೆ ಹೋಗಲಿಲ್ಲ. ಡಾಕ್ಟರು ಹೇಳಿ ಹೋದದ್ದು ಸರಳವಾಗಿತ್ತು: ಕೊನೆಯುಸಿರಿಗೆ ಮನೆಗೆ ಕರೆದುಕೊಂಡು ಹೋಗುವುದಾದರೆ ಇವತ್ತೇ, ಸಂಜೆಯೊಳಗೆ, ನಾಳೆ ಎನ್ನುವುದು ಇರಲಾರದು. ಅದನ್ನು ಕೇಳಿ ಅವಳ ಗಂಡ ಚಿಂಗ್ಯಾವ್ ತಲೆಯಾಡಿಸಿದ್ದ. ನಡುಮನೆ ಖಾಲಿ ಮಾಡಿ ಸಿದ್ಧಪಡಿಸುತ್ತೇನೆ, ಆಂಬುಲೆನ್ಸಿನವನಿಗೆ ಎರಡು ಗಂಟೆಗೆ ಬರಲು ಹೇಳಿದ್ದೇನೆ ಎಂದು ಏಳೂವರೆಗೇ ಹೊರಟಿದ್ದ. ಲಿಫ್ಟಿನ ಬಾಗಿಲು ಮುಚ್ಚುವ ಮೊದಲು, ಏನೋ ಮರೆತವನ ಹಾಗೆ ಕೈ ಅಡ್ಡ ಹಿಡಿದು ಕೇಳಿದ್ದ: "ಅಮ್ಮ ನಿನ್ನ ಹತ್ರ ಏನೂ ಹೇಳಿಲ್ಲ ತಾನೆ? ಅಪ್ಪ ಹೇಳಿದ್ರಲ್ಲ, ಹಾಗೆ?" ಅವಳು ಇಲ್ಲ ಎಂದಳು. ಬಾಗಿಲು ಮುಚ್ಚಿತು. ಇಲ್ಲ ಎಂದು ಹೇಳಿದ ಮೇಲೆ, ಆ ಇಲ್ಲ ಇನ್ನೂ ಬಾಯಲ್ಲಿರುವಾಗಲೇ, ಅದು ನಿಜವೇ ಎಂಬ ಅನುಮಾನ ಬಂತು.

ಅಪ್ಪ ಹೇಳಿದ್ದು. ನಾಲ್ಕು ವರ್ಷದ ಹಿಂದೆ ಇದೇ ಆಸ್ಪತ್ರೆಯಲ್ಲಿ, ಎರಡು ಮಹಡಿ ಕೆಳಗೆ, ಮಾವ ಹೀಗೆಯೇ ಮಲಗಿದ್ದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಪಿಲ್ವಾನ್ ಮುಂದೆ ಬಂದು ಹೇಳಿದ್ದಳು: "ಮಾವ ಒಂದ್ಸಲ ಹೇಳಿದ್ರು. ಉಸಿರು ಹೋಗೋದಾದ್ರೆ ಅಲ್ಲೇ ಹೋಗ್ಲಿ, ಗಾಳಿಚೀಲ ಒತ್ಕೊಂಡು ನನ್ನ ಹೊಸ್ತಿಲು ದಾಟಿಸಬೇಡಿ ಅಂತ." ಮಾತು ಇಷ್ಟೂ ಅವಳಿಗೆ ಅಕ್ಷರ ಬಿಡದೆ ನೆನಪಿತ್ತು. ಮಾವನ ಹಾಗೆಯೇ ಗಂಟಲು ಸ್ವಲ್ಪ ದಪ್ಪ ಮಾಡಿ ಹೇಳಿದ್ದಳು ಕೂಡ. ಚಿಂಗ್ಯಾವ್ ಅಳುತ್ತಲೇ ಸಣ್ಣಗೆ ನಕ್ಕಿದ್ದ. "ಅಪ್ಪನೇ. ಥೇಟ್ ಅಪ್ಪನೇ." ನೀರಾವರಿ ಸಂಘದಲ್ಲಿ ಮೂವತ್ತು ವರ್ಷ ಕಾಲುವೆಯ ನೀರಿನ ಮಟ್ಟ ಅಳೆದವರು, ದೇವಸ್ಥಾನಕ್ಕೆ ಹೋದರೆ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುವವರು, ಪಂಚಾಂಗ ನೋಡಿ ಕೂದಲು ಕತ್ತರಿಸಿಕೊಳ್ಳುವ ಹೆಂಡತಿಯನ್ನು ಜೀವನವಿಡೀ ಗೇಲಿ ಮಾಡಿದವರು, ಬೇರೆ ಏನು ಹೇಳುತ್ತಾರೆ? ಯಾರಿಗೂ ಅನುಮಾನ ಬರಲಿಲ್ಲ. ಮಾವ ಆಸ್ಪತ್ರೆಯಲ್ಲೇ ಹೋದರು. ಹೊರಗೆ ಸತ್ತವರನ್ನು ಮನೆಯೊಳಗೆ ತರುವಂತಿಲ್ಲವಾದ್ದರಿಂದ, ಅವರು ತಾವೇ ಇಟ್ಟಿಗೆ ಹೊತ್ತು ಕಟ್ಟಿದ ಮನೆಯ ಗೇಟಿನಾಚೆ, ಬೀದಿಯ ಬದಿಯಲ್ಲಿ ನೀಲಿ ತಾಡಪಾಲಿನ ಡೇರೆ ಹಾಕಿ ಶವಪೆಟ್ಟಿಗೆ ಇಟ್ಟರು. ಸ್ಕೂಟರಿನವರು ವೇಗ ತಗ್ಗಿಸಿ, ಕತ್ತು ಬೇರೆ ಕಡೆ ತಿರುಗಿಸಿಕೊಂಡು ಹಾದುಹೋಗುತ್ತಿದ್ದರು. ಅತ್ತೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಗೇಟಿಗೆ ಬೆನ್ನು ಮಾಡಿ ಕುಳಿತಿದ್ದರು. ಮಳೆಹನಿ ಬಿದ್ದಾಗ ಒಳಗೆ ಬನ್ನಿ ಎಂದರೆ, "ಅವರು ಹೊರಗಿದ್ದಾರಲ್ಲ" ಎಂದರು, ಅಷ್ಟೆ.

"ಅಲ್ಲೇ ನಿಂತು ಹಾಲಿಗೆ ಕೆನೆ ಬರಿಸ್ತಿದ್ದೀರಾ ಅತ್ತಿಗೆ?" ಮಿಂಗ್ಜು ಬಾಗಿಲಿಂದ ತಲೆ ಹೊರಹಾಕಿ ಕೇಳಿದಳು. ಅವಳದು ಮಾರುಕಟ್ಟೆಯಲ್ಲಿ ಮಾಂಸದ ಕಡುಬಿನ ಅಂಗಡಿ. ಗಿರಾಕಿಗಳ ಗದ್ದಲದ ಮೇಲೆ ಕೂಗಿ ಕೂಗಿ ಪಿಸುಮಾತು ಆಡುವುದೇ ಅವಳಿಗೆ ಮರೆತುಹೋಗಿತ್ತು. ಪಿಲ್ವಾನ್ ಒಳಗೆ ಹೋಗಿ ಲೋಟ ಕೊಟ್ಟಳು. ಅತ್ತೆ ಹಾಸಿಗೆಯಲ್ಲಿ ಎಷ್ಟು ಚಿಕ್ಕವರಾಗಿದ್ದರೆಂದರೆ ಕಾಲ ಬಳಿ ಇನ್ನೊಬ್ಬರು ಕೂರುವಷ್ಟು ಜಾಗವಿತ್ತು. ನರ್ಸು ದಾಖಲಿಸುವಾಗ ನೂರ ನಲವತ್ತೆಂಟು ಸೆಂಟಿಮೀಟರ್ ಎಂದು ಬರೆದುಕೊಂಡಿದ್ದಳು. ಮಾಸ್ಕಿನೊಳಗೆ ಉಸಿರು ಮಂಜಾಗಿ ಮೂಡುತ್ತಿತ್ತು, ಅಳಿಸುತ್ತಿತ್ತು. ತೋರುಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನಿಂದ ಪರದೆಯ ಮೇಲೆ ಎಂಬತ್ತಾರು, ಎಂಬತ್ತೈದು, ಮತ್ತೆ ಎಂಬತ್ತಾರು. ಪಿಲ್ವಾನಳ ಕಣ್ಣು ಅದರ ಮೇಲೇ ನಿಂತಿತು. ಅಂಕಿ ಕಂಡರೆ ಅವಳಿಗೆ ಸಮಾಧಾನ, ಕೃಷಿ ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷಿಸಿ ಕಳೆದ ಆಯುಷ್ಯ ಅದು. ಆದರೆ ಇವತ್ತು ಬೇಕಾಗಿದ್ದ ವಿಷಯಕ್ಕೆ ಅಂಕಿ ಇರಲಿಲ್ಲ. ಆ ಮಾತು ನೆನಪಿದೆ, ಪದಗಳಿವೆ, ಗಾಳಿಚೀಲ, ಹೊಸ್ತಿಲು. ದನಿ ಎಲ್ಲಿದೆ? ಅವಳು ಕಣ್ಣು ಮುಚ್ಚಿ ಕೇಳಿಸಿಕೊಳ್ಳಲು ನೋಡಿದಳು. ಕೇಳಿಸಿದ್ದು ತನ್ನದೇ ದನಿ, ನಾಲ್ಕು ವರ್ಷದ ಹಿಂದೆ ಗಂಟಲು ದಪ್ಪ ಮಾಡಿಕೊಂಡು ಹೇಳಿದ ದನಿ. ಅದರ ಹಿಂದೆ ಇನ್ನೊಂದು ದನಿ ಇದ್ದಿರಬೇಕು. ಅದರ ಮೇಲೆ ತನ್ನದು ಕೂತುಬಿಟ್ಟಿದೆ, ಒದ್ದೆ ಗೋಡೆಗೆ ಹೊಸ ಸುಣ್ಣ ಹೊಡೆದ ಹಾಗೆ.

ಜಾಗ ನೆನಪಿದೆ. ಚಾಂದ್ರಮಾನದ ಐದನೆಯ ತಿಂಗಳ ಹಬ್ಬದ ಹಿಂದಿನ ದಿನ, ಹಿತ್ತಿಲ ಅಂಗಳ. ಅದರ ಹಿಂದಿನ ಚಳಿಗಾಲದಲ್ಲಿ ಮಾವನ ಅಣ್ಣ ಹೋಗಿದ್ದರು. ಆಂಬುಲೆನ್ಸಿನಲ್ಲಿ ಅವರ ಪಾದ ಹಿಡಿದು ಕುಳಿತಿದ್ದವಳು ಪಿಲ್ವಾನೇ. ಪಾದ ಎರಡನೆಯ ಸೇತುವೆಗೆ ಮೊದಲೇ ತಣ್ಣಗಾಗಿತ್ತು. ಅವರ ಮಗ ಕಿಟಕಿಯಿಂದ ನೋಡಿ ನೋಡಿ, ಪ್ರಾಣ ದಾರಿ ತಪ್ಪದಿರಲೆಂದು, "ಅಪ್ಪಾ, ಸೇತುವೆ ಬಂತು, ದಾಟೋಣ ಬನ್ನಿ" ಎಂದು ಕೂಗುತ್ತಿದ್ದ. ಸಹಾಯಕ ಮುಖ ನೋಡದೆ ಗಾಳಿಚೀಲ ಒತ್ತುತ್ತಲೇ ಇದ್ದ, ಪ್ರತಿ ಒತ್ತಿಗೂ ಸತ್ತ ಎದೆ ಏಳುತ್ತಿತ್ತು. ನಡುಮನೆಯಲ್ಲಿ ಬೆಂಚುಗಳ ಮೇಲಿನ ಹಲಗೆಗೆ ಇಳಿಸಿ, ಚೀಲ ತೆಗೆದು, ಗಡಿಯಾರ ನೋಡಿ, ಈಗ ಹೋದರು ಎಂದ. ಎಲ್ಲರೂ ಆಗಲೇ ಅತ್ತರು. ಆ ಬೇಸಿಗೆ ಅಂಗಳದಲ್ಲಿ ಮೂವರೇ ಇದ್ದದ್ದು. ಅತ್ತೆ ಮತ್ತು ಅವಳು ಬಿದಿರೆಲೆಯಲ್ಲಿ ಅಂಟಕ್ಕಿಯ ಕಡುಬು ಕಟ್ಟುತ್ತಿದ್ದರು. ಮಾವ ಗೋಡೆಯ ನೆರಳಲ್ಲಿ ಬೆತ್ತದ ಕುರ್ಚಿಯ ಮೇಲೆ ರೇಡಿಯೋ ಕಿವಿಗೆ ಹಿಡಿದು ಮಳೆಯ ಸುದ್ದಿಗೆ ಕಾಯುತ್ತಿದ್ದರು. ಆ ತಣ್ಣನೆ ಪಾದದ ಮಾತು ಹೇಗೋ ಬಂತು. ಆಮೇಲೆ ಆ ವಾಕ್ಯ. ಅವಳ ಕಣ್ಣು ಆಗ ಎಲೆಯ ಮೇಲಿತ್ತು, ಮೂಲೆ ಸೋರದ ಹಾಗೆ ಮಡಿಸುವುದರಲ್ಲಿ. ತಲೆ ಎತ್ತಿ ನೋಡಲಿಲ್ಲ.

ನೋಡದೆ ಹೇಗೆ ಗೊತ್ತಾಯಿತು? ಕೆಲಸಕ್ಕೆ ಸೇರಿದ ಮೊದಲ ವರ್ಷ ಹೀಗೇ ಒಂದಾಗಿತ್ತು. ಕರೀ ಮಣ್ಣಿನ ಚೀಲಗಳ ನಡುವೆ ಚೀಟಿ ಬಿದ್ದುಹೋದ ಒಂದು ಕೆಂಪು ಮಣ್ಣಿನ ಚೀಲ. ಅವಳು ಯೋಚಿಸಲೂ ಇಲ್ಲ. ಕೆಂಪು ಮಣ್ಣು ಗುಡ್ಡದ ಮೇಲಿನದು, ಆ ವಾರ ಗುಡ್ಡದಿಂದ ಮಣ್ಣು ಕಳಿಸಿದವನು ಅನಾನಸು ಬೆಳೆಯುವ ಒಬ್ಬನೇ, ಅವನ ಹೆಸರು ಬರೆದಳು. ಕೈಯೂ ತಡೆಯಲಿಲ್ಲ. ಆಮೇಲೆ ತಿಳಿಯಿತು, ಅದು ನದಿ ಬದಿಯ ಭತ್ತದವನದು, ಗದ್ದೆ ಎತ್ತರಿಸಲು ಗುಡ್ಡದ ಮಣ್ಣು ಹೊಡೆಸಿದ್ದ. ಅವನಿಗೆ ಹೇಳಬೇಕಾದ ಸುಣ್ಣವನ್ನು ಅನಾನಸಿನವನು ತನ್ನ ತೋಟಕ್ಕೆ ಹಾಕಿದ, ಎಲೆಗಳು ಹಳದಿಯಾದವು. ಮೇಲಧಿಕಾರಿ ಬೈಯಲಿಲ್ಲ. "ನೀನು ಊಹೆ ಮಾಡಿದ್ದು ತಪ್ಪಲ್ಲಮ್ಮ," ಎಂದಿದ್ದರು, "ಊಹೆ ಮಾಡ್ತಿದ್ದೀನಿ ಅಂತ ನಿನಗೇ ಗೊತ್ತಾಗದೇ ಹೋಯ್ತಲ್ಲ, ಅದು ತಪ್ಪು." ಅಂದಿನಿಂದ ಚೀಟಿಯಿಲ್ಲದ ಚೀಲದ ಮೇಲೆ ಅವಳು ಬರೆಯುತ್ತಿದ್ದುದು ಎರಡೇ ಪದ: ಮೂಲ ತಿಳಿಯದು. ನಿವೃತ್ತಿಯಾಗುವವರೆಗೆ ಆ ಎರಡು ಪದ ಬರೆಯಲು ಅವಳಿಗೆ ನಾಚಿಕೆಯಾಗಿರಲಿಲ್ಲ. ಮಾವನ ಹಾಸಿಗೆಯ ಪಕ್ಕದಲ್ಲಿ ಮಾತ್ರ ಅವು ಬಾಯಿಗೆ ಬರಲಿಲ್ಲ. ಎಲ್ಲರೂ ತನ್ನ ಕಡೆ ತಿರುಗಿ ನೋಡಿದ್ದರು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ತನ್ನ ಮಾತಿಗೆ ಕಾದದ್ದು ಅದೇ ಮೊದಲ ಸಲ, ಆ ಬಿಸಿ ಈಗಲೂ ಕಿವಿಯಲ್ಲಿದೆ.

ಅತ್ತೆ ಅವತ್ತು ಏನೆಂದರು? "ಅವರು ಹೇಳಿದ್ರಾ? ನಿನ್ನ ಹತ್ರ?" ಎಂದು ಕೇಳಿದ್ದರು. ಆಮೇಲೆ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, "ನೀನು ಓದಿದವಳು. ನಿನಗೆ ನೆನಪಿರತ್ತೆ" ಎಂದಿದ್ದರು. ಅದನ್ನು ಪಿಲ್ವಾನ್ ಒಪ್ಪಿಗೆ ಎಂದುಕೊಂಡಿದ್ದಳು, ಸ್ವಲ್ಪ ಹೆಮ್ಮೆಯನ್ನೂ ಪಟ್ಟಿದ್ದಳು. ಈಗ ಅದೇ ಮಾತು ಬೇರೆ ಬಾಗಿಲಿನಿಂದ ಒಳಬಂದು ನಿಂತಿತು.

"ಮಿಂಗ್ಜು, ನಿಮ್ಮಪ್ಪ ಕಡುಬು ಕಟ್ತಿದ್ರಾ ಯಾವತ್ತಾದ್ರೂ?"

"ಈಗ ಕಡುಬಿನ ಮಾತು ಯಾಕೆ?" ಮಿಂಗ್ಜು ಒದ್ದೆ ಬಟ್ಟೆಯಿಂದ ತಾಯಿಯ ಕುತ್ತಿಗೆ ಒರೆಸುತ್ತ ಹೇಳಿದಳು. "ಅಪ್ಪ ಕಟ್ಟಿದ್ರೆ ಅದು ಕಡುಬಾಗಲ್ಲ, ಮರಳಿನ ಮೂಟೆ ಆಗತ್ತೆ. ಅಮ್ಮನ ಕೈಯೇ ಬೇರೆ. ದಾರದ ತುದಿ ಹಲ್ಲಲ್ಲಿ ಕಚ್ಚಿ, ಎರಡು ಸುತ್ತು, ಒಂದು ಎಳೆತ. ಬೈಯೋದೂ ಹಲ್ಲು ಕಚ್ಚಿಕೊಂಡೇ. ನನಗೆ ಚಿಕ್ಕವಳಿದ್ದಾಗ ದಾರ ಕಚ್ಚಿದ್ರೆ ಬೈಗುಳ ಬರ್ತಿದೆ ಅಂತಾನೇ ಅರ್ಥ." ಅವಳು ನಗಲು ಹೋಗಿ ಮೂಗು ಒರೆಸಿಕೊಂಡಳು. "ಅಲ್ವೇನಮ್ಮಾ? ಮುದುಕಿ, ಇವತ್ತು ಬೈಯಲ್ಲ ನೀನು? ಮನೆಗೆ ಹೋಗ್ತೀವಿ ಕಣೇ. ನಿನ್ನ ದೇವರು, ನಿನ್ನ ನಡುಮನೆ. ಅಪ್ಪನ ಹಾಗೆ ನಿನ್ನ ಬೀದೀಲಿ ಬಿಡಲ್ಲ."

ಹಲ್ಲಲ್ಲಿ ದಾರ. ಪಿಲ್ವಾನಳಿಗೆ ಕೂಡಲೇ ಕೇಳಿಸಿತು: ಹಲ್ಲಿನ ಸಂದಿಯಿಂದ ಬಂದ ಮಾತು, ತುಟಿ ಕೂಡದೆ ಚಪ್ಪಟೆಯಾದ ಪದಗಳು, ಹೊಸ್ತಿಲು ಎನ್ನುವಾಗ ಸಣ್ಣ ಸೀಟಿಯಂಥ ಸದ್ದು. ಬಲಗಡೆಯಿಂದ ಬಂದ ಸದ್ದು. ಕುರ್ಚಿ ಇದ್ದದ್ದು ಎಡಕ್ಕೆ. ಆದರೆ ಇದನ್ನು ನಂಬುವುದು ಹೇಗೆ? ಈ ಸೀಟಿ ಅರ್ಧ ನಿಮಿಷದ ಹಿಂದೆ ಇರಲಿಲ್ಲ. ಮಿಂಗ್ಜು ದಾರ ಎಂದಳು, ತಲೆ ದಾರ ತಂದು ಕಟ್ಟಿತು. ನಾಲ್ಕು ವರ್ಷದ ಹಿಂದೆ ಮಾವನ ದಪ್ಪ ಗಂಟಲನ್ನು ತಂದು ಕಟ್ಟಿದ ತಲೆಯೇ ಇದು. ಒಮ್ಮೆ ಕೆಂಪು ನೋಡಿ ಗುಡ್ಡ ಎಂದವಳು, ಈಗ ಹೆದರಿ ಎಲ್ಲ ಕೆಂಪನ್ನೂ ಗದ್ದೆ ಎನ್ನುತ್ತಿದ್ದಾಳೆಯೇ? ಚಾಂದ್ರಮಾಸದ ಒಂದು ಮತ್ತು ಹದಿನೈದಕ್ಕೆ ತಪ್ಪದೆ ಊದುಬತ್ತಿ ಹಚ್ಚುವ, ದೇವರ ಮುಂದೆ ಮರದ ತುಂಡು ಎಸೆದು ಅಪ್ಪಣೆ ಕೇಳದೆ ಮೊಮ್ಮಗನಿಗೆ ಶಾಲೆ ಬದಲಿಸಲು ಬಿಡದ ಹೆಂಗಸು, ನನ್ನನ್ನು ಮನೆಗೆ ತರಬೇಡಿ ಎನ್ನುತ್ತಾಳೆಯೇ? ಎನ್ನಲಾರಳು ಎಂದು ಗೊತ್ತು. ಅವಳಿಗೆ ಗೊತ್ತಿದ್ದದ್ದೆಲ್ಲ ಹೀಗೆ ಕೇಳುವ ಮೊದಲೇ ಗೊತ್ತಿದ್ದದ್ದೇ.

ಅವಳು ಹಾಸಿಗೆಯ ಇನ್ನೊಂದು ಬದಿಗೆ ಹೋಗಿ ಬಾಗಿದಳು. ಸಾಯುವವರ ಮುಂದೆ ಸಾವಿನ ಮಾತು ಆಡಬಾರದು. ಆಡದೆ ಕೇಳುವುದು ಹೇಗೆಂದು ತಿಳಿಯಲಿಲ್ಲ. "ಅಮ್ಮ, ಪಿಲ್ವಾನ್ ನಾನು. ಮನೆಗೆ ಹೋಗೋಣವಾ? ಬೇಡವಾ?" ಮಾಸ್ಕಿನ ಮಂಜು ಮೂಡಿತು, ಅಳಿಸಿತು. ಕಣ್ಣರೆಪ್ಪೆಯ ಕೆಳಗೆ ಬಿಳಿ ಗೆರೆ. ಕ್ಲಿಪ್ಪು ಸಿಕ್ಕಿಸಿದ ಬೆರಳು ಒಮ್ಮೆ ಎದ್ದು ಬಿತ್ತು.

"ನೋಡಿ, ಹೂಂ ಅಂದ್ಲು," ಮಿಂಗ್ಜು ಹೇಳಿದಳು.

ಬೇಡ ಅಂದಿದ್ದರೂ ಬೆರಳು ಹಾಗೆಯೇ ಏಳುತ್ತಿತ್ತು. ಪಿಲ್ವಾನ್ ಆ ಬೆರಳನ್ನು ಮೆಲ್ಲಗೆ ಹಿಡಿದಳು. ಸುಮ್ಮನಿದ್ದುಬಿಡಬಹುದು. ಸುಮ್ಮನಿದ್ದರೆ ಎರಡು ಗಂಟೆಗೆ ಆಂಬುಲೆನ್ಸು ಬರುತ್ತದೆ, ಮಿಂಗ್ಜು ಪ್ರತಿ ಸೇತುವೆಗೂ ಕೂಗುತ್ತಾಳೆ, ನೆರೆಯವರು ಪುಣ್ಯವಂತೆ ಎನ್ನುತ್ತಾರೆ. ಮಾವ ತಮ್ಮ ಇಚ್ಛೆಯಂತೆಯೇ ಡೇರೆಯಲ್ಲಿ ಮಲಗಿದವರಾಗಿಯೇ ಉಳಿಯುತ್ತಾರೆ. ಯಾರೂ ಕೇಳುವುದಿಲ್ಲ. ಈ ಹೆಂಗಸಿನ ಎದೆಯನ್ನು ಇಪ್ಪತ್ತೈದು ಕಿಲೋಮೀಟರ್ ಉದ್ದಕ್ಕೂ ಯಾರದೋ ಕೈ ಎಬ್ಬಿಸಿ ಇಳಿಸುತ್ತದೆ, ಅಷ್ಟೆ. ಬಾಯಿ ಬಿಟ್ಟರೆ, ಮತ್ತೆ ಒಂದು ಊಹೆಯ ಮೇಲೆ ಇನ್ನೊಬ್ಬರನ್ನೂ ಹೊಸ್ತಿಲ ಹೊರಗೆ ಇಟ್ಟ ಹಾಗೆ. ಅಂಗೈಯಲ್ಲಿ ಆ ತಣ್ಣನೆ ಪಾದದ ನೆನಪು ಬಂತು. ಅದೊಂದು ನೆನಪು ಮಾತ್ರ ಯಾರದೆಂಬ ಅನುಮಾನವಿರಲಿಲ್ಲ.

"ಮಿಂಗ್ಜು, ಆ ಮಾತು ನಿಮ್ಮಪ್ಪ ಹೇಳಿದ್ದಲ್ಲ ಅನ್ಸತ್ತೆ. ಅಮ್ಮ ಹೇಳಿದ್ದು ಅನ್ಸತ್ತೆ."

ಮಿಂಗ್ಜುಗೆ ಯಾವ ಮಾತು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಿಳಿದಾಗ ಕೈಯಲ್ಲಿದ್ದ ಬಟ್ಟೆಯನ್ನು ಬೇಸಿನ್ನಿನಲ್ಲಿ ಹಿಂಡಿದಳು, ಬಿಡಿಸಿದಳು, ಮತ್ತೆ ಹಿಂಡಿದಳು. "ಅನ್ಸತ್ತೆ," ಎಂದಳು. ಪಿಸುಮಾತು ಆಡಲು ಅವಳಿಗೆ ಬರುತ್ತಿತ್ತು. "ಆವಾಗ ಅನ್ಸತ್ತೆ ಅಂದಿರ್ಲಿಲ್ಲ ನೀವು. ಅಪ್ಪನ ಗಂಟಲು ಮಾಡಿ ಹೇಳಿದ್ರಿ. ನಾನು ಬೇಡ ಅಂತ ಅಳ್ತಿದ್ದೆ. ಚಿಂಗ್ಯಾವ್ ಅಣ್ಣ, ಅತ್ತಿಗೆ ಕೇಳಿಸಿಕೊಂಡಿದ್ದಾಳಲ್ಲ ಅಂದ. ನಾನು ಸುಮ್ಮನಾದೆ. ಡಿಗ್ರಿ ಇರೋರು ಕೇಳಿಸಿಕೊಂಡ ಮೇಲೆ ಕಡುಬು ಮಾರೋಳ ಮಾತು ಏನು ನಡೆಯತ್ತೆ."

"ಹೌದು."

"ಹೌದು ಅನ್ನಬೇಡಿ ನನ್ನ ಹತ್ರ. ಅಣ್ಣನಿಗೆ ಹೇಳಿ." ಅವಳೇ ಫೋನ್ ಒತ್ತಿ, ಸ್ಪೀಕರ್ ಹಾಕಿ, ಹಾಸಿಗೆಯ ಮೇಲೆ, ತಾಯಿಯ ಕಾಲಿನ ಬಳಿ ಖಾಲಿ ಇದ್ದ ಜಾಗದಲ್ಲಿ ಇಟ್ಟಳು.

ಚಿಂಗ್ಯಾವ್ ಏದುಸಿರು ಬಿಡುತ್ತ ಎತ್ತಿದ. ಪೂಜೆಯ ಹಿರಿಯರ ಹೆಸರಿನ ಫಲಕಕ್ಕೆ ಬಟ್ಟೆ ಮುಚ್ಚಿದ್ದಾಯಿತು, ಸೋಫಾ ಹೊರಗೆ ಹಾಕಿದ್ದಾಯಿತು, ಬೆಂಚು ಎರಡು ಪಕ್ಕದ ಮನೆಯವರು ಕೊಟ್ಟರು ಎಂದ. "ಅಮ್ಮನ್ನ ಮಲಗಿಸೋಕೆ ಅಪ್ಪನ ನೆರೆ ಹಲಗೆಗಳನ್ನೇ ಇಳಿಸಿದೆ. ಬಚ್ಚಲ ಹಿಂದೆ ಇದ್ವಲ್ಲ, ಕಾಲುವೆ ಉಕ್ಕಿದ್ರೆ ಬಾಗಿಲಿಗೆ ಅಡ್ಡ ಹಾಕೋಕೆ ಅಂತ ಮಾಡಿಸಿಟ್ಟಿದ್ದು. ಧೂಳು ಒಂದು ಬೆರಳು ದಪ್ಪ."

ಪಿಲ್ವಾನ್ ಹೇಳಿದಳು. ಅಂಗಳ, ಕುರ್ಚಿ, ಎಲೆ, ತಲೆ ಎತ್ತಿ ನೋಡದೆ ಇದ್ದದ್ದು, ದಾರ. ದಾರದ ನೆನಪು ಈಗಷ್ಟೇ ಬಂದದ್ದು, ಅದನ್ನು ನಂಬಲಾಗದು ಎಂಬುದನ್ನೂ ಹೇಳಿದಳು. ಯಾವುದನ್ನೂ ದಪ್ಪ ಗಂಟಲಲ್ಲಿ ಹೇಳಲಿಲ್ಲ. ಆ ಕಡೆ ಕೋಳಿ ಕೂಗುವುದು ಕೇಳಿಸಿತು, ಯಾರೋ ಬೀದಿಯಲ್ಲಿ ಸ್ಕೂಟರ್ ನಿಲ್ಲಿಸಿದರು.

"ಅಂದ್ರೆ ನಿನಗೆ ಖಚಿತ ಇಲ್ಲ," ಅವನು ಕೊನೆಗೆ ಹೇಳಿದ.

"ಇಲ್ಲ."

"ಆವಾಗ ಇತ್ತಾ?"

"ಇದೆ ಅಂದ್ಕೊಂಡಿದ್ದೆ. ಅವರು ಅಂಥ ಮಾತು ಆಡೋ ಮನುಷ್ಯರು, ಅದಕ್ಕೇ."

"ಈಗ ಖಚಿತ ಇಲ್ಲ ಅಂದ್ರೆ ನಾನೇನು ಮಾಡ್ಲಿ ಹೇಳು. ನಡುಮನೆ ಮಧ್ಯ ನಿಂತಿದ್ದೀನಿ. ಹಲಗೆ ಜೋಡಿಸ್ಲಾ, ಬೇಡವಾ?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ಇದ್ದಿದ್ದರೆ ವಾಸಿಯಿತ್ತು. ಮಿಂಗ್ಜು ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಅವನೇ ಮುಂದುವರಿಸಿದ, ಮಾತು ನಿಲ್ಲಿಸಲು ಹೆದರಿದವನ ಹಾಗೆ: "ಹಲಗೇಲೂ ಏನೋ ಎಡವಟ್ಟಾಗಿದೆ. ನೆರೆ ಹಲಗೆ ಅಂದ್ರೆ ಬಾಗಿಲ ಚೌಕಟ್ಟಿನೊಳಗೆ ಕೂರಬೇಕು. ಇವು ಉದ್ದ ಜಾಸ್ತಿ, ಗೋಡೆಗೆ ತಾಗ್ತಾವೆ. ಮೂಲೆ ಎಲ್ಲ ಉಜ್ಜಿ ಗುಂಡಗೆ ಮಾಡಿದ್ದಾರೆ, ಒಂದು ಬದಿ ನುಣ್ಣಗೆ ತೋಪಡ ಹೊಡೆದಿದ್ದಾರೆ. ನೀರು ತಡೆಯೋಕೆ ಯಾಕೆ ಇಷ್ಟು ನುಣುಪು? ನೀರು ಅಳೆಯೋ ಮನುಷ್ಯ, ಬಾಗಿಲು ಅಳೆಯೋದು ತಪ್ಪಿದ್ರಾ?"

ಪಿಲ್ವಾನಳ ಕೈ ಹಾಸಿಗೆಯ ಕಂಬಿ ಹಿಡಿಯಿತು. ಆ ಹಲಗೆಗಳನ್ನು ಅವಳು ವರ್ಷಗಟ್ಟಲೆ ನೋಡಿದ್ದಳು, ಬಟ್ಟೆ ಒಗೆಯುವಾಗ ಒರಗಿದ್ದಳು. ಮಾವ ಅವನ್ನು ತಂದ ದಿನ ಇವು ಏನಕ್ಕೆ ಎಂದು ಯಾರೂ ಕೇಳಿರಲಿಲ್ಲ. ನೀರಾವರಿ ಸಂಘದವನ ಮನೆಯ ಹಲಗೆ ಬೇರೆ ಏನಕ್ಕೆ ಇರುತ್ತದೆ? ಅವರೂ ಹೇಳಿರಲಿಲ್ಲ. ಹೆಂಡತಿಯ ಪಂಚಾಂಗವನ್ನು ಆಡಿಕೊಳ್ಳುವ ಮನುಷ್ಯ ಅದನ್ನು ಯಾವ ಬಾಯಲ್ಲಿ ಹೇಳಬೇಕಿತ್ತು? ಸಾಯುವ ಹಿಂದಿನ ವರ್ಷ ಅವರ ಪ್ಯಾಂಟುಗಳ ತುದಿ ಬಿಚ್ಚಿ ಹೊಲಿದವಳು ಅವಳೇ. ಬೆನ್ನು ಬಾಗಿದ ಮೇಲೂ ತಮ್ಮ ಎತ್ತರ ನೂರ ಎಪ್ಪತ್ತೊಂದು ಎಂದೇ ಅವರು ಹಟ ಹಿಡಿಯುತ್ತಿದ್ದರು. ನಡುಮನೆಯ ಬಾಗಿಲಿನ ಅಗಲ ನೂರ ಹನ್ನೆರಡು, ಸೋಫಾ ಕೊಳ್ಳುವಾಗ ಅಳೆದದ್ದು ನೆನಪಿತ್ತು.

"ಚಿಂಗ್ಯಾವ್, ಹಲಗೆಯ ಉದ್ದ ಅಳತೆ ಮಾಡು."

"ಈಗ ಅದೆಲ್ಲ ಯಾಕೆ?"

"ನಾನು ಇನ್ನೊಂದು ಸಲ ಊಹೆ ಮಾಡಲ್ಲ. ಅಪ್ಪನ ಟೇಪು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದೆ. ಅಳತೆ ಮಾಡು."

ಟೇಪು ಎಳೆಯುವ ಲೋಹದ ಸದ್ದು ಹಾಸಿಗೆಯ ಮೇಲಿನ ಫೋನಿನಿಂದ ಬಂತು. ಅತ್ತೆಯ ಮಾಸ್ಕು ಮಂಜಾಯಿತು, ತಿಳಿಯಾಯಿತು. ಮಿಂಗ್ಜು ಕಿಟಕಿಯಿಂದ ಬಂದು ತಾಯಿಯ ಎರಡು ಪಾದಗಳನ್ನೂ ಹೊದಿಕೆಯ ಮೇಲಿನಿಂದ ಹಿಡಿದು ಕುಳಿತಳು. ಆ ಕಡೆ ಟೇಪು ಸರ್ರನೆ ಒಳಕ್ಕೆ ಸರಿಯಿತು. ಅವನು ಮತ್ತೊಮ್ಮೆ ಎಳೆದ. ನಡುಮನೆಯ ನೆಲದ ಮೇಲೆ ಅವನು ಕುಳಿತುಕೊಂಡಿರಬೇಕು, ದನಿ ಕೆಳಗಿನಿಂದ ಬಂತು.

"ಆ ಮಾತು ಅಪ್ಪನದಲ್ಲ. ಆಂಬುಲೆನ್ಸಿನವನಿಗೆ ಫೋನ್ ಮಾಡಿ ಬೇಡ ಅಂದ್ಬಿಡು. ನಾನೇ ಅಲ್ಲಿಗೆ ಬರ್ತೀನಿ."

"ಎಷ್ಟಣ್ಣಾ?" ಮಿಂಗ್ಜು ಕೇಳಿದಳು.

"ಎರಡೂ ಒಂದೇ ಅಳತೆ," ಎಂದ ಅವನು. "ನೂರ ಎಪ್ಪತ್ತಾರು ಸೆಂಟಿಮೀಟರ್."